ಗಾಜಿನೊಳಗಿನ ಗಂಧಕ: ಹೋಲಿಸಿ ನೋಡಲು ಸ್ಪೆಕ್ಟ್ರಂ ಎಲ್ಲಿಂದ ತರುವುದು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಭೂವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಸಮುದ್ರತಳದಿಂದ ತಂದ ಬಸಾಲ್ಟ್ ಗಾಜು ಮತ್ತು ಫರ್ನೇಸಿನಲ್ಲಿ ನಾವೇ ಕರಗಿಸಿ ತಣಿಸಿದ ಗಾಜು, ಈ ಎರಡರಲ್ಲೂ ಗಂಧಕ ಯಾವ ರೂಪದಲ್ಲಿದೆ ಎಂದು ನೋಡಬೇಕಿತ್ತು. ಯುರೋಪಿನ ಒಂದು ಸಿಂಕ್ರೊಟ್ರಾನ್‌ನಲ್ಲಿ (ತೀರಾ ಜೋರಾದ ಎಕ್ಸ್-ರೇ ಹೊರಡಿಸುವ ದೊಡ್ಡ ಯಂತ್ರ) ಬೀಮ್‌ಟೈಮ್, ಅಂದರೆ ಅಳೆಯಲು ಸಮಯ, ಸಿಕ್ಕಿತು. ಗಂಧಕದ ಕೆ-ಎಡ್ಜ್ ಝೇನ್ಸ್ ಸ್ಪೆಕ್ಟ್ರಂಗಳನ್ನು, ಅಂದರೆ ಎಕ್ಸ್-ರೇಯ ಶಕ್ತಿ ಏರಿಸುತ್ತಾ ಹೋದಂತೆ ಗಂಧಕ ಅದನ್ನು ಎಷ್ಟು ಹೀರುತ್ತದೆ ಅನ್ನುವ ಗೆರೆಗಳನ್ನು, ತೆಗೆದುಕೊಂಡು ಬಂದೆ. ಸ್ಟ್ಯಾಂಡರ್ಡ್‌ಗಳಿಗೆ (ಹೋಲಿಸಲು ಬೇಕಾದ, ಗಂಧಕದ ರೂಪ ಗೊತ್ತಿರುವ ವಸ್ತುಗಳಿಗೆ) ಮಾತ್ರ ಸಮಯ ಉಳಿಯಲಿಲ್ಲ. ಜಿಪ್ಸಂ ಒಂದನ್ನು ಅಳೆದೆವು, ಅಷ್ಟೆ. ನನ್ನ ಗಾಜುಗಳಲ್ಲಿ 2476–2477 ಇವಿ (ಎಲೆಕ್ಟ್ರಾನ್ ವೋಲ್ಟ್, ಎಕ್ಸ್-ರೇಯ ಶಕ್ತಿಯ ಅಳತೆ) ಹತ್ತಿರ ಅಗಲವಾದ ದಿಬ್ಬ, 2482ರ ಹತ್ತಿರ ಎತ್ತರದ ಪೀಕು, ಕೆಲವದರಲ್ಲಿ 2478ರಲ್ಲಿ ಸಣ್ಣ ಚೂಪು ಪೀಕು ಕಾಣುತ್ತಿದೆ. ಪೈರೈಟ್, ಶುದ್ಧ ಗಂಧಕ, ಸಲ್ಫೈಟ್, ಜಿಪ್ಸಂ ಸ್ಪೆಕ್ಟ್ರಂಗಳನ್ನು ನೆಟ್‌ನಿಂದ ಇಳಿಸಿಕೊಂಡು ಲೀನಿಯರ್ ಕಾಂಬಿನೇಷನ್ ಫಿಟ್ಟಿಂಗ್ (ಸ್ಟ್ಯಾಂಡರ್ಡ್‌ಗಳನ್ನು ಬೇರೆಬೇರೆ ಪಾಲಿನಲ್ಲಿ ಕೂಡಿಸಿ ಸ್ಯಾಂಪಲ್‌ನ ಗೆರೆಗೆ ಹೊಂದಿಸುವುದು) ಮಾಡಲು ಗೈಡ್ ಹೇಳಿದರು. ಎಷ್ಟು ಮಾಡಿದರೂ ಫಿಟ್ ಕೂರುತ್ತಿಲ್ಲ. ಇಳಿಸಿಕೊಂಡ ಜಿಪ್ಸಂಗೂ ನನ್ನ ಜಿಪ್ಸಂಗೂ ಸುಮಾರು 1 ಇವಿ ವ್ಯತ್ಯಾಸ ಬೇರೆ. ಎಲ್ಲ ಸ್ಟ್ಯಾಂಡರ್ಡ್‌ಗಳೂ ಒಂದೇ ಕಡೆ ಸಿಗುವ ಜಾಗ ಇದೆಯೇ? ಪೇಪರಿನ ಚಿತ್ರದ ಮೇಲಿನ ಗೆರೆಯನ್ನು ಅಂಕಿಗಳಾಗಿ ಮಾಡಿಕೊಂಡು ಬಳಸಬಹುದೇ? ಅದೇ ಗಾಜುಗಳನ್ನು ಮೊದಲೇ ಮೈಕ್ರೊಪ್ರೋಬ್‌ನಲ್ಲಿ (ಎಲೆಕ್ಟ್ರಾನ್ ಬೀಮು ಹಾಯಿಸಿ ಸಂಯೋಜನೆ ಅಳೆಯುವ ಯಂತ್ರ) ಅಳೆದಿದ್ದೆವು. ಅದರಿಂದ ಏನಾದರೂ ತೊಂದರೆಯೇ?

ಉತ್ತರ: ನಿಮ್ಮ ಡೇಟಾ ಹಾಳಾಗಿಲ್ಲ. ನೀವು ಹೇಳಿದ್ದನ್ನು ನೋಡಿದರೆ, ಸ್ಟ್ಯಾಂಡರ್ಡ್ ಇಲ್ಲ ಅನ್ನುವುದಕ್ಕಿಂತ ತಪ್ಪು ಸ್ಟ್ಯಾಂಡರ್ಡ್‌ಗಳು ಕೈಯಲ್ಲಿವೆ ಅನ್ನುವುದೇ ದೊಡ್ಡ ತೊಡಕು. ಕೊನೆಯಲ್ಲಿ ಒಂದು ಸಾಲಿನಲ್ಲಿ ಮೈಕ್ರೊಪ್ರೋಬ್ ವಿಷಯ ಸೇರಿಸಿದ್ದೀರಲ್ಲ, ನನ್ನ ಪ್ರಕಾರ ಇಡೀ ಪತ್ರದಲ್ಲಿ ಮುಖ್ಯವಾದದ್ದು ಅದೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು, ಫಿಟ್ ಯಾಕೆ ಕೂರುತ್ತಿಲ್ಲ ಅಂತ ನೋಡೋಣ. ಕೆ-ಎಡ್ಜ್‌ನಲ್ಲಿ ಗಂಧಕದ ತೀರಾ ಒಳಗಿನ 1ಎಸ್ ಎಲೆಕ್ಟ್ರಾನ್ ಎಕ್ಸ್-ರೇಯನ್ನು ಹೀರಿಕೊಂಡು ಮೇಲಿನ ಖಾಲಿ ಜಾಗಕ್ಕೆ ಹಾರುತ್ತದೆ. ಆ ಖಾಲಿ ಜಾಗ ಹೇಗಿದೆ ಅನ್ನುವುದು ಗಂಧಕದ ಚಾರ್ಜ್ ಮೇಲೆ ಮಾತ್ರ ನಿಂತಿಲ್ಲ. ಪಕ್ಕದಲ್ಲಿ ಯಾರಿದ್ದಾರೆ, ಎಷ್ಟು ದೂರದಲ್ಲಿದ್ದಾರೆ, ಸಾಲಾಗಿ ಕೂತಿದ್ದಾರೋ ಚೆದುರಿದ್ದಾರೋ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಸಲ್ಫೇಟ್‌ನ ಕಥೆ ಸುಲಭ. ಗಂಧಕದ ಸುತ್ತ ನಾಲ್ಕು ಆಕ್ಸಿಜನ್ ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ಊರು ಬದಲಿಸಿದರೂ ಮನೆಮಂದಿಯನ್ನೆಲ್ಲ ಕಟ್ಟಿಕೊಂಡೇ ಹೋಗುವವರ ಹಾಗೆ, ಸಲ್ಫೇಟ್ ಜಿಪ್ಸಂನಲ್ಲಿದ್ದರೂ ಗಾಜಿನಲ್ಲಿದ್ದರೂ ಆ ನಾಲ್ಕು ಆಕ್ಸಿಜನ್ ಜೊತೆಗೇ ಇರುತ್ತವೆ. ಅದಕ್ಕೇ 2482ರ ಆಸುಪಾಸಿನ ಚೂಪು ಪೀಕು ಎರಡರಲ್ಲೂ ಒಂದೇ ಥರ ಕಾಣುತ್ತದೆ. ಆ ಪೀಕಿನ ಬಲಗಡೆ ಬರುವ ಸಣ್ಣ ಉಬ್ಬುತಗ್ಗುಗಳು ಮಾತ್ರ ಬೇರೆ. ಜಿಪ್ಸಂನಲ್ಲಿ ಅವು ಸ್ಪಷ್ಟವಾಗಿರುತ್ತವೆ, ಗಾಜಿನಲ್ಲಿ ನುಣುಪಾಗಿ ಕರಗಿಹೋಗಿರುತ್ತವೆ.

ಸಲ್ಫೈಡ್ ಹಾಗಲ್ಲ. ಅದರ ರೂಪವೆಲ್ಲ ಪಕ್ಕದ ಲೋಹದಿಂದ ಬರುತ್ತದೆ. ಪೈರೋಟೈಟ್‌ನಂಥ ಕಬ್ಬಿಣದ ಸಲ್ಫೈಡ್‌ನಲ್ಲಿ ಗಂಧಕದ 3ಪಿ ಮಟ್ಟಗಳು ಕಬ್ಬಿಣದ 3ಡಿ ಮಟ್ಟಗಳ ಜೊತೆ ಬೆರೆಯುತ್ತವೆ. ಅದರಿಂದ 2470 ಇವಿ ಹತ್ತಿರ ಒಂದು ಚೂಪು ಪೀಕು, ಆಮೇಲೆ 2477ರ ಕಡೆ ಅಗಲವಾದ ದಿಬ್ಬ ಬರುತ್ತದೆ. ಕಬ್ಬಿಣ ಇರುವ ಬಸಾಲ್ಟ್ ಗಾಜಿನಲ್ಲಿ ಕರಗಿರುವ ಸಲ್ಫೈಡ್‌ಗೆ ಆ ಅಗಲವಾದ ದಿಬ್ಬವೇ ಮುಖ್ಯ. 2010ರಲ್ಲಿ ಪೆಡ್ರೊ ಜುಗೊ, ಮ್ಯಾಕ್ಸ್ ವಿಲ್ಕೆ ಮತ್ತು ರೋಮನ್ ಬೊಚಾರ್ನಿಕೋವ್ ಪ್ರಕಟಿಸಿದ ಕೆಲಸದಲ್ಲಿ ಗಲಾಪಗೋಸ್, ಹುವಾನ್ ಡಿ ಫೂಕಾ ಮುಂತಾದ ಕಡೆಯ ಸಮುದ್ರತಳದ ಗಾಜುಗಳಲ್ಲಿ ಅದು 2476.8 ಇವಿಯಲ್ಲಿ ಬಂದಿದೆ. ನಿಮ್ಮ ದಿಬ್ಬವೂ ಅಲ್ಲೇ ಇದೆ, ಅಲ್ವಾ? ಅಂದರೆ ನಿಮ್ಮ ಸ್ಪೆಕ್ಟ್ರಂನಲ್ಲಿ ವಿಚಿತ್ರವಾದದ್ದೇನೂ ಇಲ್ಲ.

ಈಗ ಪೈರೈಟ್ ನೋಡಿ. ಅದರಲ್ಲಿ ಗಂಧಕದ ಎರಡೆರಡು ಪರಮಾಣು ಜೋಡಿಯಾಗಿ ಕೂತಿರುತ್ತವೆ. ಅದರ ಪೀಕು 2472ರ ಸುತ್ತ ಬೀಳುತ್ತದೆ. ಶುದ್ಧ ಗಂಧಕದ ಪೀಕೂ ಹೆಚ್ಚುಕಡಿಮೆ ಅಲ್ಲೇ. ನಿಮ್ಮ ಗಾಜಿನಲ್ಲಿ ಆ ಎರಡೂ ಇಲ್ಲ. ಇಲ್ಲದ್ದನ್ನು ಫಿಟ್ಟಿಂಗ್‌ನಲ್ಲಿ ಕೂರಿಸಿದರೆ ಸಾಫ್ಟ್‌ವೇರ್ ಏನೋ ಒಂದು ಅಂಕಿ ಕೊಟ್ಟೇ ಕೊಡುತ್ತದೆ. ಅಥೀನಾ ಆಗಲಿ, ಲಾರ್ಚ್ ಆಗಲಿ, ‘ಇದು ನಿನ್ನ ಸ್ಯಾಂಪಲ್‌ನಲ್ಲಿ ಇರಲು ಸಾಧ್ಯವಿಲ್ಲ’ ಎಂದು ಹೇಳುವುದಿಲ್ಲ. ಗೈಡ್ ಹೇಳಿದ ದಾರಿ ಮಣ್ಣು, ಕಲ್ಲಿದ್ದಲು, ಅದಿರಿನ ಕೆಲಸದಲ್ಲಿ ಸರಿಯಾಗಿಯೇ ನಡೆಯುತ್ತದೆ. ಅಲ್ಲಿ ಖನಿಜಗಳು ನಿಜಕ್ಕೂ ಮಿಶ್ರಣವಾಗಿರುತ್ತವೆ. ಗಾಜಿನಲ್ಲಿ ಗಂಧಕ ಕರಗಿರುತ್ತದೆ. ಅದಕ್ಕೆ ಹೋಲಿಸಲು ಬೇಕಾದದ್ದು ಗಾಜಿನದೇ ಸ್ಪೆಕ್ಟ್ರಂ. ಅದೂ ಆದಷ್ಟು ನಿಮ್ಮದೇ ಸಂಯೋಜನೆಗೆ ಹತ್ತಿರದ ಗಾಜಿನದು. ಕಬ್ಬಿಣ ಇಲ್ಲದ ಸೋಡಾ-ಲೈಮ್ ಗಾಜಿನ ಸಲ್ಫೈಡ್ ಸ್ಪೆಕ್ಟ್ರಂ ಬಸಾಲ್ಟ್ ಗಾಜಿನದಕ್ಕಿಂತ ಬೇರೆಯಾಗಿಯೇ ಕಾಣುತ್ತದೆ, ಎರಡೂ ‘ಸಲ್ಫೈಡ್ ಗಾಜು’ಗಳೇ ಆದರೂ.

ಹಾಗಂತ ಖನಿಜದ ಸ್ಪೆಕ್ಟ್ರಂಗಳು ಪೂರ್ತಿ ದಂಡ ಅಂತಲ್ಲ. ನಿಮ್ಮ ಯಾವುದಾದರೂ ಗಾಜಿನಲ್ಲಿ 2470ರ ಹತ್ತಿರ ಚೂಪು ಪೀಕು ಕಂಡರೆ ಪೈರೋಟೈಟ್ ಸ್ಪೆಕ್ಟ್ರಂ ಪಕ್ಕದಲ್ಲಿಟ್ಟು ನೋಡಿ. ಕಣ್ಣಿಗೆ ಕಾಣದಷ್ಟು ಸಣ್ಣ ಸಲ್ಫೈಡ್ ಹನಿ ಬೀಮಿನ ಅಡಿ ಬಂದಿರಬಹುದು. ನೀರಿನ ಅಂಶ ಇರುವ ಗಾಜುಗಳಲ್ಲಿ ಹನಿಯೇ ಇಲ್ಲದೆಯೂ ಆ ಪೀಕು ಬರಬಹುದು ಎನ್ನುವ ಮಾತೂ ಇದೆ. ಆದ್ದರಿಂದ ಮೊದಲು ಎಲೆಕ್ಟ್ರಾನ್ ಮೈಕ್ರೊಸ್ಕೋಪಿನಲ್ಲಿ ಆ ಜಾಗ ನೋಡದೆ ತೀರ್ಪು ಕೊಡಬೇಡಿ.

ಇನ್ನು ಎಲ್ಲಿ ಸಿಗುತ್ತದೆ ಅನ್ನುವ ಪ್ರಶ್ನೆ. ಎಲ್ಲವೂ ಒಂದೇ ಕಡೆ ಸಿಗುವ ಜಾಗ ಇಲ್ಲ. ಗಂಧಕಕ್ಕೆಂದೇ ಇರುವುದು ಗ್ರೆನೋಬಲ್‌ನ ಇಎಸ್‌ಆರ್‌ಎಫ್ ಸಿಂಕ್ರೊಟ್ರಾನ್‌ನವರ ಐಡಿ-21 ಬೀಮ್‌ಲೈನ್ (ಅಳತೆಯ ಘಟಕ) ಸಂಗ್ರಹ. ಖನಿಜಗಳು, ಸಾವಯವ ಮತ್ತು ಅಜೈವಿಕ ಸಂಯುಕ್ತಗಳು ಅಲ್ಲಿ ಚೆನ್ನಾಗಿ ಸಿಗುತ್ತವೆ. ಎಲ್ಲ ಮೂಲಧಾತುಗಳಿಗೂ ಇರುವ ಸಂಗ್ರಹಗಳು ಅಂದರೆ ಅಮೆರಿಕದ ಎಕ್ಸ್‌ಎಎಸ್‌ಲಿಬ್, ಜಪಾನಿನ ನಿಮ್ಸ್ ಸಂಸ್ಥೆಯವರದು, ಜರ್ಮನಿಯವರ ರೆಫ್‌ಎಕ್ಸ್‌ಎಎಸ್. ಇವುಗಳಲ್ಲಿ ತಾಮ್ರ, ಕಬ್ಬಿಣ, ನಿಕಲ್ ಥರದವು ಜಾಸ್ತಿ. ಗಂಧಕ ಕಡಿಮೆ, ಗಂಧಕದ ಗಾಜಂತೂ ಹುಡುಕಬೇಕು. ಮೆಟೀರಿಯಲ್ಸ್ ಪ್ರಾಜೆಕ್ಟ್‌ನಲ್ಲಿ ಲೆಕ್ಕ ಹಾಕಿ ತೆಗೆದ ಸ್ಪೆಕ್ಟ್ರಂಗಳು ರಾಶಿ ಇವೆ. ಅವು ಹರಳುಗಳಿಗೆ ಮಾಡಿದ ಲೆಕ್ಕ. ಯಾವ ಉಬ್ಬು ಯಾತರಿಂದ ಬರುತ್ತದೆ ಅಂತ ಅರ್ಥಮಾಡಿಕೊಳ್ಳಲು ಒಳ್ಳೆಯದು, ಗಾಜಿನ ಫಿಟ್ಟಿಂಗ್‌ಗೆ ತಂದು ಹಾಕಬೇಡಿ.

ಗಾಜಿನ ಸ್ಪೆಕ್ಟ್ರಂಗಳು ಇರುವುದು ಪೇಪರುಗಳಲ್ಲಿ, ಮತ್ತು ಅದನ್ನು ಬರೆದವರ ಕಂಪ್ಯೂಟರಿನಲ್ಲಿ. ಗಾಜಿನ ಗಂಧಕಕ್ಕೆ ಝೇನ್ಸ್ ಬಳಕೆ ಬೆಳೆದದ್ದು 2001ರ ಎಲಿಯೊನೊರಾ ಪ್ಯಾರಿಸ್ ತಂಡದ ಕೆಲಸದಿಂದ ಈಚೆಗೆ ಎನ್ನಬಹುದು. ಆಮೇಲೆ 2008ರ ವಿಲ್ಕೆ ತಂಡ, 2009ರ ನಿಕೋಲ್ ಮೆಟ್ರಿಶ್ ತಂಡ, ನಾನು ಆಗಲೇ ಹೇಳಿದ 2010ರ ಜುಗೊ ತಂಡ. ಬಸಾಲ್ಟ್ ಮಾಡುವವರಿಗೆ ಈ ಕೊನೆಯದು ಕೈಪಿಡಿ ಇದ್ದ ಹಾಗೆ. ಇವರಿಗೆ ಬರೆಯಿರಿ. ಈ ಸಮುದಾಯ ಚಿಕ್ಕದು, ಕೇಳಿದರೆ ಕೊಡುವವರೇ ಜಾಸ್ತಿ. ‘ದಯವಿಟ್ಟು ನಿಮ್ಮ ಡೇಟಾ ಕಳಿಸಿ’ ಅಂತ ಸುಮ್ನೆ ಒಂದು ಸಾಲು ಬರೆದರೆ ಉತ್ತರ ಬರದೇ ಹೋಗಬಹುದು. ಯಾವ ಚಿತ್ರದ ಯಾವ ಸ್ಯಾಂಪಲ್ ಬೇಕು, ಯಾಕೆ ಬೇಕು, ನಿಮ್ಮ ಗಾಜಿನಲ್ಲಿ ಕಬ್ಬಿಣ ಎಷ್ಟು, ನೀರು ಎಷ್ಟು ಅಂತ ಹೇಳಿ. ನಿಮ್ಮದೊಂದು ಸ್ಪೆಕ್ಟ್ರಂ ಲಗತ್ತಿಸಿ.

ಕೇಳುವಾಗ ನಾರ್ಮಲೈಸ್ ಮಾಡಿದ (ಎತ್ತರಗಳನ್ನು ಒಂದೇ ಅಳತೆಗೆ ತಂದ) ಫೈಲ್ ಸಾಲದು, ಕಚ್ಚಾ ಫೈಲ್ ಕೇಳಿ. ಜೊತೆಗೆ ಶಕ್ತಿಯ ಅಳತೆಯನ್ನು ಯಾವುದಕ್ಕೆ ಹೊಂದಿಸಿದ್ದರು, ಫ್ಲೂರೊಸೆನ್ಸ್‌ನಲ್ಲಿ (ಹೊರಬರುವ ಎಕ್ಸ್-ರೇ ಅಳೆದು) ತೆಗೆದದ್ದೋ ಎಲೆಕ್ಟ್ರಾನ್ ಯೀಲ್ಡ್‌ನಲ್ಲೋ (ಹೊರಬರುವ ಎಲೆಕ್ಟ್ರಾನ್ ಅಳೆದು), ಮೊನೊಕ್ರೊಮೇಟರ್ (ಒಂದೇ ಶಕ್ತಿಯ ಎಕ್ಸ್-ರೇ ಆರಿಸುವ ಭಾಗ) ಹರಳು ಯಾವುದು, ಒಂದೇ ಜಾಗದಲ್ಲಿ ಎಷ್ಟು ಸ್ಕ್ಯಾನ್ ಮಾಡಿದರು, ಇಷ್ಟೂ ಬೇಕು. ಇವು ಗೊತ್ತಿಲ್ಲದ ಸ್ಪೆಕ್ಟ್ರಂ ಎಷ್ಟು ಅಂದವಾಗಿದ್ದರೂ ಫಿಟ್ಟಿಂಗ್‌ಗೆ ಬಾರದು.

ಪೇಪರಿನ ಚಿತ್ರದಿಂದ ಗೆರೆ ತೆಗೆಯುವ ವಿಷಯಕ್ಕೂ ಇದೇ ಮಾತು. ಪಕ್ಕದಲ್ಲಿಟ್ಟು ಆಕಾರ ನೋಡಲು ಧಾರಾಳವಾಗಿ ಮಾಡಿ. ಫಿಟ್ ಮಾಡಲು ಬೇಡ. ಒಂದು ಲೆಕ್ಕ ಹಾಕಿ ನೋಡಿ. ಪೇಪರಿನ ಒಂದು ಕಾಲಂ ಅಗಲ ಸುಮಾರು 8 ಸೆಂಟಿಮೀಟರ್. ಅದರಲ್ಲಿ 2460ರಿಂದ 2520ರವರೆಗೆ, ಅಂದರೆ 60 ಇವಿ ಬಿಡಿಸಿರುತ್ತಾರೆ. ಒಂದು ಮಿಲಿಮೀಟರಿಗೆ 0.75 ಇವಿ ಆಯಿತು. ಗೆರೆಯ ದಪ್ಪ 0.3 ಮಿಲಿಮೀಟರ್ ಇದ್ದರೆ ಗೆರೆಯೊಳಗೇ 0.2 ಇವಿಗಿಂತ ಜಾಸ್ತಿ ಹೋಯಿತು. ಸಲ್ಫೇಟ್ ಪೀಕಿನಂಥ ಕಡಿದಾದ ಏರಿನಲ್ಲಿ 0.2 ಇವಿ ಸರಿದರೆ ಎತ್ತರ ಎಷ್ಟು ಬದಲಾಗುತ್ತದೆ ಅಂತ ನಿಮ್ಮದೇ ಡೇಟಾದಲ್ಲಿ ಸರಿಸಿ ನೋಡಿ, ಗಾಬರಿಯಾಗುತ್ತದೆ. ಅಗಲವಾದ ಸಲ್ಫೈಡ್ ದಿಬ್ಬಕ್ಕೆ ಇದರಿಂದ ಅಷ್ಟು ಪೆಟ್ಟು ಬೀಳುವುದಿಲ್ಲ. ಬೇರೆ ದಾರಿಯೇ ಇಲ್ಲದಿದ್ದರೆ ಅದೊಂದನ್ನು ಹಾಗೆ ತೆಗೆದುಕೊಂಡು, ಹಾಗೆ ಮಾಡಿದ್ದೇವೆಂದು ಬರೆದುಬಿಡಿ.

ನಿಮ್ಮ 1 ಇವಿ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಗಂಧಕದ ಕೆಲಸದಲ್ಲಿ ಎಲ್ಲರೂ ಒಪ್ಪಿದ ಒಂದೇ ಶೂನ್ಯಬಿಂದು ಇಲ್ಲ. ಕೆಲವರು ಸೋಡಿಯಂ ಥಯೋಸಲ್ಫೇಟ್‌ನ ಮೊದಲ ಪೀಕನ್ನು 2472.02 ಇವಿ ಅಂತ ಇಟ್ಟುಕೊಳ್ಳುತ್ತಾರೆ. ಕೆಲವರು ಶುದ್ಧ ಗಂಧಕ, ಕೆಲವರು ಜಿಪ್ಸಂ ಅಥವಾ ಬೇರೆ ಸಲ್ಫೇಟ್ ಹಿಡಿಯುತ್ತಾರೆ. ಅದಕ್ಕೇ ಸಲ್ಫೇಟ್ ಪೀಕು ಒಬ್ಬರ ಪೇಪರಿನಲ್ಲಿ 2481.5ರಲ್ಲಿ, ಇನ್ನೊಬ್ಬರದರಲ್ಲಿ 2482.8ರಲ್ಲಿ ಇರುತ್ತದೆ. ನೀವು ಜಿಪ್ಸಂ ಅಳೆದದ್ದು ಇಲ್ಲಿ ಕೈ ಹಿಡಿಯುತ್ತದೆ. ಇಳಿಸಿಕೊಂಡ ಸಂಗ್ರಹದಲ್ಲೂ ಜಿಪ್ಸಂ ಇದ್ದರೆ ಅದನ್ನು ನಿಮ್ಮ ಜಿಪ್ಸಂ ಮೇಲೆ ಕೂರುವಷ್ಟು ಸರಿಸಿ, ಅಷ್ಟೇ ಅಂತರವನ್ನು ಅದೇ ಸಂಗ್ರಹದ, ಅದೇ ಸೆಷನ್‌ನ ಉಳಿದ ಸ್ಪೆಕ್ಟ್ರಂಗಳಿಗೂ ಹಾಕಿ. ಒಂದೊಂದನ್ನೂ ಬೇರೆಬೇರೆ ಸರಿಸಿ ಫಿಟ್ ಚೆನ್ನಾಗಿ ಬರುವ ಹಾಗೆ ಮಾಡುವುದು ಮೋಸಕ್ಕೆ ಹತ್ತಿರ. ಸಾಫ್ಟ್‌ವೇರಿನಲ್ಲಿ ಆ ಆಯ್ಕೆ ಇದೆ, ಅದನ್ನು ಆಫ್ ಮಾಡಿ.

ಆದರೆ ನಿಮ್ಮ ಜಿಪ್ಸಂ ಶಕ್ತಿ ಹೊಂದಿಸಲು ಮಾತ್ರ. ಅದನ್ನೇ ಸಲ್ಫೇಟ್ ಸ್ಟ್ಯಾಂಡರ್ಡ್ ಅಂತ ಫಿಟ್ಟಿಂಗ್‌ಗೆ ಹಾಕಿದ್ದರೆ ತೆಗೆದುಬಿಡಿ. ಬಿಲ್ಲೆ ಒತ್ತಿ ಫ್ಲೂರೊಸೆನ್ಸ್‌ನಲ್ಲಿ ಅಳೆದಿರುತ್ತೀರಿ ಅಂದುಕೊಳ್ಳುತ್ತೇನೆ. ಎಲ್ಲರೂ ಮಾಡುವುದು ಅದೇ. 2.5 ಕಿಲೋ ಎಲೆಕ್ಟ್ರಾನ್ ವೋಲ್ಟ್ ಎಕ್ಸ್-ರೇ ಜಿಪ್ಸಂನೊಳಗೆ ಕೆಲವೇ ಮೈಕ್ರೊಮೀಟರ್ ಇಳಿಯುತ್ತದೆ. ಪೀಕಿನ ಶಕ್ತಿಯಲ್ಲಿ ಹೀರಿಕೆ ಜಾಸ್ತಿಯಾದಾಗ ಆಳ ಇನ್ನೂ ಕಡಿಮೆಯಾಗುತ್ತದೆ, ಹೊರಬರುವ ಸಂಕೇತವೂ ಅದೇ ಲೆಕ್ಕದಲ್ಲಿ ಏರುವುದಿಲ್ಲ. ಫಲವಾಗಿ ಪೀಕಿನ ತಲೆ ಚಪ್ಪಟೆಯಾಗುತ್ತದೆ. ಇದಕ್ಕೆ ಸೆಲ್ಫ್ ಅಬ್ಸಾರ್ಪ್ಷನ್ ಅನ್ನುತ್ತಾರೆ. ಜಿಪ್ಸಂನಲ್ಲಿ ತೂಕದ ಶೇಕಡ 18ಕ್ಕಿಂತ ಜಾಸ್ತಿ ಗಂಧಕವೇ. ನಿಮ್ಮ ಬಸಾಲ್ಟ್ ಗಾಜಿನಲ್ಲಿ ಶೇಕಡ 0.1ರ ಆಸುಪಾಸು, ಅಲ್ಲಿ ಈ ತೊಂದರೆ ಇಲ್ಲ. ತಲೆ ಚಪ್ಪಟೆಯಾದ ಸ್ಟ್ಯಾಂಡರ್ಡನ್ನು ಚಪ್ಪಟೆಯಾಗದ ಸ್ಯಾಂಪಲ್‌ಗೆ ಫಿಟ್ ಮಾಡಿದರೆ ಸಲ್ಫೇಟ್ ಪಾಲು ಇರುವುದಕ್ಕಿಂತ ಜಾಸ್ತಿ ಬರುತ್ತದೆ. ಶೇಕಡ ನೂರು ದಾಟಿದರೂ ಆಶ್ಚರ್ಯವಿಲ್ಲ. ಮುಂದೆ ಅಳೆಯುವಾಗ ನುಣ್ಣಗೆ ಅರೆದು ಬೋರಾನ್ ನೈಟ್ರೈಡ್‌ನಲ್ಲಿ ತೆಳುವಾಗಿ ಬೆರೆಸಿ. ಒಂದೊಂದು ಕಣವೂ ಸಣ್ಣದಿರಬೇಕು, ದಪ್ಪ ಕಣವನ್ನು ಎಷ್ಟು ಬೆರೆಸಿದರೂ ಕಣದೊಳಗೇ ಅದೇ ತೊಂದರೆ.

ಇದರ ಜೊತೆಗೇ ಇನ್ನೊಂದು ತಪ್ಪು ತಿಳಿವಳಿಕೆ ಓಡಾಡುತ್ತಿದೆ: 2482ರ ಪೀಕು ದಿಬ್ಬಕ್ಕಿಂತ ಮೂರು ಪಟ್ಟು ಎತ್ತರ ಇದ್ದರೆ ಸಲ್ಫೇಟ್ ಮೂರು ಪಟ್ಟು ಇದೆ ಅನ್ನುವುದು. ಇಲ್ಲ. ಒಂದೇ ಸಂಖ್ಯೆಯ ಪರಮಾಣು ತೆಗೆದುಕೊಂಡರೆ ಸಲ್ಫೇಟ್ ಪೀಕು ಸಲ್ಫೈಡ್ ದಿಬ್ಬಕ್ಕಿಂತ ಬಹಳ ಜೋರಾಗಿರುತ್ತದೆ. ಸ್ವಲ್ಪವೇ ಸಲ್ಫೇಟ್ ಇದ್ದರೂ ಚಿತ್ರದಲ್ಲಿ ಅದೇ ಎದ್ದು ಕಾಣುತ್ತದೆ. ಇದರಿಂದಾಗಿ ಸಮುದ್ರತಳದ ಗಾಜುಗಳ ಬಗ್ಗೆ ಒಂದು ಎಚ್ಚರಿಕೆ. ಸಮುದ್ರದ ನೀರಿನ ಪ್ರತಿ ಕಿಲೋದಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ. ಬಿರುಕಿನಲ್ಲಿ ಒಣಗಿದ ಉಪ್ಪು ಉಳಿದಿದ್ದರೆ, ಅಂಚು ಹಳದಿಯಾಗಿ ಬದಲಾಗಿದ್ದರೆ, ನಿಮ್ಮ ಎತ್ತರದ ಪೀಕು ಅಲ್ಲಿಂದಲೇ ಬಂದಿರಬಹುದು. ಸಾಗರಮಧ್ಯದ ಏಣುಗಳ (ಸಮುದ್ರತಳದ ಉದ್ದನೆಯ ಬೆಟ್ಟಸಾಲುಗಳ) ಬಸಾಲ್ಟ್‌ಗಳಲ್ಲಿ ಗಂಧಕ ಬಹುಪಾಲು ಸಲ್ಫೈಡ್ ಆಗಿರುತ್ತದೆ. ಆದ್ದರಿಂದ ಅಂಥ ಗಾಜಿನಲ್ಲಿ ದೊಡ್ಡ ಸಲ್ಫೇಟ್ ಪೀಕು ಕಂಡರೆ ಖುಷಿಪಡುವ ಮೊದಲು ಒಳಗಿನ ತಾಜಾ, ಬಿರುಕಿಲ್ಲದ ಚೂರನ್ನು ನೋಡಿ. ಸ್ಯಾಂಪಲ್ ಕೂರಿಸಿದ ಎಪಾಕ್ಸಿ ಮತ್ತು ಅಂಟುಟೇಪುಗಳಲ್ಲೂ ಗಂಧಕ ಇರಬಹುದು. ಗಾಜಿಲ್ಲದ ಬರೀ ಎಪಾಕ್ಸಿ ಮೇಲೆ ಒಂದು ಸ್ಕ್ಯಾನ್ ಇದ್ದರೆ ಹುಡುಕಿ ತೆಗೆಯಿರಿ.

ಈಗ 2478. ಆ ಪೀಕು ನಾಲ್ಕು-ಧನ (+4) ಗಂಧಕದ್ದು, ಸಲ್ಫೈಟ್ ಥರದ್ದು. ಅದಕ್ಕೇ ನಿಮ್ಮ ಗೈಡ್ ಸಲ್ಫೈಟ್ ಸ್ಟ್ಯಾಂಡರ್ಡ್ ಹೇಳಿರಬೇಕು. ಗುರುತಿಸುವಿಕೆ ಸರಿಯಾಗಿದೆ. ಅದು ಕರಗಿದ ಶಿಲೆಯಲ್ಲೇ ಇತ್ತೇ ಅನ್ನುವುದು ಬೇರೆ ಪ್ರಶ್ನೆ. 2008ರ ವಿಲ್ಕೆ ತಂಡದ ಪೇಪರಿನ ವಿಷಯವೇ ಇದು. ಮೈಕ್ರೊಪ್ರೋಬ್‌ನ ಎಲೆಕ್ಟ್ರಾನ್ ಬೀಮು ಬಿದ್ದ ಜಾಗದಲ್ಲಿ ಸಲ್ಫೇಟ್ ಒಡೆದು ನಾಲ್ಕು-ಧನ ಗಂಧಕ ಆಗುತ್ತದೆ ಎಂದು ಅವರು ತೋರಿಸಿದರು. ತಾಜಾ ಗಾಜಿನಲ್ಲಿ ಇಲ್ಲದ ಪೀಕು ಬೀಮು ಬಿದ್ದ ಮೇಲೆ ಬಂತು. ಜೋರಾದ ಎಕ್ಸ್-ರೇ ಬೀಮೂ ಇದನ್ನು ಮಾಡಬಲ್ಲದು, ನೀರಿನ ಅಂಶ ಇರುವ ಗಾಜಿನಲ್ಲಿ ಇನ್ನೂ ಬೇಗ. ನೀವು ಮೊದಲು ಮೈಕ್ರೊಪ್ರೋಬ್, ಆಮೇಲೆ ಝೇನ್ಸ್ ಮಾಡಿದ್ದೀರಿ. ಇಂಥ ಕೆಲಸಕ್ಕೆ ಕ್ರಮ ಉಲ್ಟಾ ಇರಬೇಕು.

ಸರಿಪಡಿಸಲು ಆಗದ ವಿಷಯವಲ್ಲ ಇದು. ಮೈಕ್ರೊಪ್ರೋಬ್ ಚುಕ್ಕಿಗಳ ನಕ್ಷೆ ನಿಮ್ಮ ಹತ್ತಿರ ಇದ್ದೇ ಇರುತ್ತದೆ. 2478 ಕಂಡ ಸ್ಪೆಕ್ಟ್ರಂಗಳೆಲ್ಲ ಆ ಚುಕ್ಕಿಗಳ ಮೇಲೇ ತೆಗೆದವೇ, ಕಾಣದವು ದೂರದಲ್ಲಿ ತೆಗೆದವೇ, ಹೋಲಿಸಿ. ಆಮೇಲೆ ಒಂದೇ ಜಾಗದಲ್ಲಿ ತೆಗೆದ ಸ್ಕ್ಯಾನ್‌ಗಳನ್ನು ಸರಾಸರಿ ಮಾಡದೆ ಒಂದರ ಮೇಲೊಂದು ಬಿಡಿಸಿ. ಮೊದಲ ಸ್ಕ್ಯಾನಿಗಿಂತ ಕೊನೆಯದರಲ್ಲಿ 2478 ಏರಿ 2482 ಇಳಿದಿದ್ದರೆ ಎಕ್ಸ್-ರೇ ಬೀಮಿನ ಕೈವಾಡ. ಹಾಗಿದ್ದರೆ ಮೊದಲ ಸ್ಕ್ಯಾನ್ ಮಾತ್ರ ಬಳಸಿ, ಗದ್ದಲ (ನಾಯ್ಸ್) ಜಾಸ್ತಿ ಇದ್ದರೂ ಪರವಾಗಿಲ್ಲ. ಮೊದಲ ಸ್ಕ್ಯಾನಿನಲ್ಲೇ ಪೂರ್ತಿ ಇದ್ದು ಆಮೇಲೆ ಬದಲಾಗದಿದ್ದರೆ ಮೈಕ್ರೊಪ್ರೋಬ್ ಮೇಲೆ ಅನುಮಾನ. ಕೆಲವರು ಆ ನಾಲ್ಕು-ಧನ ಪಾಲನ್ನು ‘ಮೂಲತಃ ಸಲ್ಫೇಟ್’ ಎಂದು ವಾಪಸ್ ಸಲ್ಫೇಟ್‌ಗೆ ಸೇರಿಸುತ್ತಾರೆ. ಪಾಲು ಸಣ್ಣದಿದ್ದಾಗ ನಾನೂ ಒಪ್ಪುತ್ತೇನೆ. ದೊಡ್ಡದಿದ್ದಾಗ ಆ ಜಾಗವನ್ನೇ ಕೈಬಿಡುವುದು ಒಳ್ಳೆಯದು. ಬೀಮಿನಿಂದ ಸಲ್ಫೈಡ್ ಉತ್ಕರ್ಷಣೆಗೊಂಡ ಉದಾಹರಣೆಗಳೂ ಇವೆ, ಹಾನಿ ಯಾವಾಗಲೂ ಒಂದೇ ದಿಕ್ಕಿಗೆ ಅಂತ ನಂಬಿಕೊಂಡು ಲೆಕ್ಕ ಮಾಡಲಾಗದು. ಯಾವುದೇ ಕಾರಣಕ್ಕೂ ಸಲ್ಫೈಟ್ ಖನಿಜವನ್ನು ಮೂರನೇ ಸ್ಟ್ಯಾಂಡರ್ಡ್ ಅಂತ ಹಾಕಿ, ‘ಕರಗಿದ ಶಿಲೆಯಲ್ಲಿ ಶೇಕಡ ಇಷ್ಟು ಸಲ್ಫೈಟ್ ಇತ್ತು’ ಎಂದು ಬರೆಯಬೇಡಿ. ಮೊದಲ ರೆಫರಿಯೇ ಹಿಡಿಯುತ್ತಾರೆ.

ಹಾಗಾದರೆ ಮುಂದೇನು ಮಾಡಬಹುದು? ಹೊಸದಾಗಿ ಏನೂ ಅಳೆಯದೆ ಆಗುವುದು ಅಂದರೆ, ಬಸಾಲ್ಟ್ ಗಾಜಿನ ಸಲ್ಫೈಡ್ ಒಂದು, ಸಲ್ಫೇಟ್ ಒಂದು, ಹೀಗೆ ಎರಡೇ ಸ್ಪೆಕ್ಟ್ರಂ ತರಿಸಿಕೊಂಡು ಎರಡರ ಮಿಶ್ರಣವಾಗಿ ಫಿಟ್ ಮಾಡುವುದು. ನಾಲ್ಕೈದು ಸ್ಟ್ಯಾಂಡರ್ಡ್ ಹಾಕಿದ ಫಿಟ್‌ಗಿಂತ ಇದು ನೋಡಲು ಸ್ವಲ್ಪ ಒರಟಾಗಿ ಬರಬಹುದು, ನಂಬಿಕೆಗೆ ಮಾತ್ರ ಜಾಸ್ತಿ ಅರ್ಹ. ಅಪಾಯ ಇರುವುದು ನಾರ್ಮಲೈಸೇಷನ್‌ನಲ್ಲಿ. ಸಮಯ ಉಳಿಸಲು ಸ್ಕ್ಯಾನ್ 2500 ಇವಿಗೇ ನಿಲ್ಲಿಸಿದ್ದರೆ ಪೀಕಿನ ನಂತರದ ಗೆರೆ ಎಲ್ಲಿ ಹಾಯಬೇಕು ಅನ್ನುವುದು ನಿಮ್ಮ ಕೈಗೆ ಬಂದುಬಿಡುತ್ತದೆ. ಕೈ ಸ್ವಲ್ಪ ಆಚೀಚೆ ಆದರೂ ಶೇಕಡಾವಾರು ಓಡಾಡುತ್ತದೆ. ಆ ಗೆರೆಯನ್ನು ಬೇಕೆಂದೇ ಮೇಲೆ ಕೆಳಗೆ ಮಾಡಿ, ಉತ್ತರ ಎಷ್ಟು ಬದಲಾಗುತ್ತದೋ ಅಷ್ಟನ್ನು ನಿಮ್ಮ ಅನಿಶ್ಚಿತತೆ ಅಂತ ಬರೆಯಿರಿ. ಸಾಫ್ಟ್‌ವೇರ್ ಕೊಡುವ ಅನಿಶ್ಚಿತತೆ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಫರ್ನೇಸ್ ನಿಮ್ಮಲ್ಲೇ ಇದೆ ಅಂದಿದ್ದೀರಿ, ಸ್ಟ್ಯಾಂಡರ್ಡ್ ಗಾಜು ನೀವೇ ಮಾಡಬಹುದು. ಬಸಾಲ್ಟ್ ಕರಗಿದ ಶಿಲೆಯಲ್ಲಿ ಸಲ್ಫೈಡ್‌ನಿಂದ ಸಲ್ಫೇಟ್‌ಗೆ ಬದಲಾವಣೆ ಹೆಚ್ಚುಕಡಿಮೆ ಎಫ್‌ಎಂಕ್ಯೂ ಬಫರ್‌ನಿಂದ (ಆಕ್ಸಿಜನ್ ಎಷ್ಟು ಸಿಗುತ್ತಿದೆ ಎಂದು ಅಳೆಯಲು ಭೂವಿಜ್ಞಾನಿಗಳು ಬಳಸುವ ಗುರುತುಗೆರೆ) ಅದರ ಮೇಲೆ 2 ಲಾಗ್ ಘಟಕಗಳ ಒಳಗೆ ಮುಗಿದುಹೋಗುತ್ತದೆ. ಆದ್ದರಿಂದ ಸಲ್ಫೈಡ್ ಗಾಜಿಗೆ ಎಫ್‌ಎಂಕ್ಯೂಗಿಂತ ಚೆನ್ನಾಗಿ ಕೆಳಗೆ ಇರಿ. ಸಲ್ಫೇಟ್ ಗಾಜಿಗೆ ಆ 2 ಘಟಕಗಳನ್ನು ದಾಟಿ ಮೇಲೆ ಹೋಗಿ. ಗಡಿಯ ಹತ್ತಿರ ಮಾಡಿದ ಗಾಜು ಸ್ಟ್ಯಾಂಡರ್ಡ್ ಆಗದು, ಅದರಲ್ಲಿ ಎರಡೂ ಬೆರೆತಿರುತ್ತವೆ. ತೆರೆದ ಫರ್ನೇಸಿನಲ್ಲಿ ಬಸಾಲ್ಟ್ ಕರಗಿಸಿದರೆ ಗಂಧಕ ಅನಿಲವಾಗಿ ಹಾರಿಹೋಗುತ್ತದೆ, ಮುಚ್ಚಿದ ಕ್ಯಾಪ್ಸೂಲು, ಒತ್ತಡ ಬೇಕು. ತಣಿಸುವುದು ಎಷ್ಟು ಬೇಗವೋ ಅಷ್ಟು ಒಳ್ಳೆಯದು. ನಿಧಾನವಾದರೆ ತಣಿಯುವಾಗ ಕಬ್ಬಿಣ ಮತ್ತು ಗಂಧಕ ತಮ್ಮತಮ್ಮಲ್ಲೇ ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುತ್ತವೆ. ಒಂದು ಸಲ್ಫೇಟ್ ಗಂಧಕ ಸಲ್ಫೈಡ್ ಆಗಲು ಎಂಟು ಎಲೆಕ್ಟ್ರಾನ್ ಬೇಕು, ಎರಡು-ಧನ ಕಬ್ಬಿಣದ ಎಂಟು ಪರಮಾಣು ಮೂರು-ಧನಕ್ಕೆ ಏರಿ ಅದನ್ನು ಒದಗಿಸುತ್ತವೆ. ಅದಕ್ಕೇ ಗಾಜಿನಲ್ಲಿ ಅಳೆದ ಪಾಲು, ಬಿಸಿಯಾಗಿದ್ದಾಗ ಇದ್ದ ಪಾಲೇ ಆಗಿರಬೇಕೆಂದಿಲ್ಲ.

ಅಷ್ಟೆಲ್ಲ ಆಗದಿದ್ದರೆ ಕೈಗೆಟುಕುವ ಗಾಜುಗಳೂ ಇವೆ. ಸ್ಮಿತ್‌ಸೋನಿಯನ್‌ನ ವಿಜಿ-2 ಬಸಾಲ್ಟ್ ಗಾಜನ್ನು ಬಹಳ ಮೈಕ್ರೊಪ್ರೋಬ್ ಲ್ಯಾಬ್‌ಗಳು ಸ್ಟ್ಯಾಂಡರ್ಡ್ ಆಗಿ ಇಟ್ಟುಕೊಂಡಿರುತ್ತವೆ. ಅದು ಹುವಾನ್ ಡಿ ಫೂಕಾದ್ದೇ, ಸಲ್ಫೈಡ್ ಕಡೆಗೆ ಒಳ್ಳೆಯ ಆಯ್ಕೆ. ಎಲೆಕ್ಟ್ರಾನ್ ಬೀಮು ಬೀಳದ ಚೂರನ್ನೇ ಕೇಳಿ. ಸಲ್ಫೇಟ್ ಕಡೆಗೆ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್‌ನ 620 ಗಾಜು ಇದೆ, ಶೇಕಡ 0.28 ಸಲ್ಫರ್ ಟ್ರೈಆಕ್ಸೈಡ್ ಎಂದು ಪ್ರಮಾಣಪತ್ರ ಕೊಟ್ಟಿದ್ದಾರೆ. ಆ ಪ್ರಮಾಣ ಒಟ್ಟು ಗಂಧಕಕ್ಕೆ ಮಾತ್ರ, ರೂಪಕ್ಕಲ್ಲ. ನಿಜ ಹೇಳಬೇಕೆಂದರೆ ಕಿಟಕಿಯ ಸಾಮಾನ್ಯ ಫ್ಲೋಟ್ ಗಾಜೂ ಸಾಕು. ಗುಳ್ಳೆ ತೆಗೆಯಲು ಸೋಡಿಯಂ ಸಲ್ಫೇಟ್ ಹಾಕಿರುತ್ತಾರೆ, ಉಳಿದ ಗಂಧಕ ಬಹುಪಾಲು ಸಲ್ಫೇಟೇ. ಒಡೆದು ಒಳಗಿನ ಹೊಸ ಮುಖ ನೋಡಿ. ಹೊರಗಿನ ಒಂದು ಮೈ ಕರಗಿದ ತವರದ ಮೇಲೆ ತೇಲಿರುತ್ತದೆ, ರೋಲರಿನಿಂದ ಗೀರು ಬೀಳದಿರಲಿ ಎಂದು ಸಲ್ಫರ್ ಡೈಆಕ್ಸೈಡ್ ಹಾಯಿಸಿಯೂ ಇರುತ್ತಾರೆ. ಕಂದು ಬಿಯರ್ ಬಾಟಲಿಯ ಬಣ್ಣವೇ ಸಲ್ಫೈಡ್ ಮತ್ತು ಮೂರು-ಧನ ಕಬ್ಬಿಣ ಸೇರಿ ಬರುವುದು. ಬೆಂಗಳೂರಿನಲ್ಲಿ ಆ ಸ್ಟ್ಯಾಂಡರ್ಡ್‌ಗೆ ಬರವಿಲ್ಲ. ಇವು ಬಸಾಲ್ಟ್ ಅಲ್ಲ, ಹಾಗಾಗಿ ಸಲ್ಫೈಡ್ ಫಿಟ್ಟಿಂಗ್‌ಗೆ ಬಾಟಲಿ ಬಳಸಬೇಡಿ. ಸಲ್ಫೇಟ್‌ಗೆ ಕಿಟಕಿ ಗಾಜು ಜಿಪ್ಸಂಗಿಂತ ಎಷ್ಟೋ ಮೇಲು. (ಸೀಸದ ಗಾಜು, ಸೀಸದ ಗ್ಲೇಜ್ ಮೇಲೆ ಕೆಲಸ ಮಾಡುವ ಬೇರೆ ಓದುಗರಿಗೆ ಒಂದು ಮಾತು: ಸೀಸದ ಎಂ-5 ಎಡ್ಜ್ (ಸೀಸ ಎಕ್ಸ್-ರೇ ಹೀರುವುದರಿಂದ ಬರುವ ಏರು) 2484 ಇವಿಯಲ್ಲೇ ಬರುತ್ತದೆ. ಸಲ್ಫೇಟ್ ಪೀಕಿನ ಪಕ್ಕದಲ್ಲೇ ಅದು ಎದ್ದು ಕೂರುತ್ತದೆ.)

ಅಳೆಯುವುದೆಲ್ಲಿ? ಇಂದೋರಿನ ಇಂಡಸ್-2 ಸಿಂಕ್ರೊಟ್ರಾನ್‌ನ ಸ್ಕ್ಯಾನಿಂಗ್ ಎಕ್ಸಾಫ್ಸ್ (ಝೇನ್ಸ್‌ನ ಸೋದರ ವಿಧಾನ) ಬೀಮ್‌ಲೈನ್ 4 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಿಂದ ಮೇಲೆ ಕೆಲಸ ಮಾಡುತ್ತದೆ, ಗಂಧಕ ಅದಕ್ಕೆ ಸಿಗುವುದಿಲ್ಲ. ಟ್ರಿಯೆಸ್ತೆಯ ಎಲೆಟ್ರಾದ ಎಕ್ಸಾಫ್ಸ್ ಬೀಮ್‌ಲೈನ್ 2.4ರಿಂದ ಶುರು, ಅಂದರೆ ಗಂಧಕ ಅದರ ಅಂಚಿನಲ್ಲಿ ಬರುತ್ತದೆ. ಪ್ಯಾರಿಸ್ ಹತ್ತಿರದ ಸೊಲೇಯ್‌ನ ಲೂಸಿಯಾ, ಗ್ರೆನೋಬಲ್‌ನ ಐಡಿ-21, ಇಂಗ್ಲೆಂಡಿನ ಡೈಮಂಡ್‌ನ ಐ-18, ಥಾಯ್ಲೆಂಡಿನ ಸಿಂಕ್ರೊಟ್ರಾನ್‌ನ ಬಿಎಲ್-8, ಇವೆಲ್ಲ ಗಂಧಕಕ್ಕೆ ಒಗ್ಗುವ ಜಾಗಗಳು. ಪೂರ್ತಿ ಪ್ರಪೋಸಲ್ ಬರೆದು ಕಾಯುವುದಕ್ಕಿಂತ, ಈಗಾಗಲೇ ಬೀಮ್‌ಟೈಮ್ ಸಿಕ್ಕಿರುವ ಯಾರಾದರೂ ಇದ್ದರೆ ಎರಡು ಚೂರು ಗಾಜು ಅವರ ಕೈಲಿ ಕಳಿಸಿ. ಮಲ್ಲೇಶ್ವರದ ಕಡೆ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲೂ (ಐಐಎಸ್‌ಸಿ) ಜಕ್ಕೂರಿನ ಜೆಎನ್‌ಸಿಎಎಸ್‌ಆರ್ ಸಂಶೋಧನಾ ಕೇಂದ್ರದಲ್ಲೂ ಸಿಂಕ್ರೊಟ್ರಾನ್ ಬಳಸುವವರು ಇದ್ದಾರೆ. ಬ್ಯಾಟರಿ, ಕ್ಯಾಟಲಿಸ್ಟ್ ಮಾಡುವವರೇ ಜಾಸ್ತಿ. ಗಂಧಕದ ಎಡ್ಜ್‌ಗೆ ಟ್ಯೂನ್ ಮಾಡಿದ ಬೀಮ್‌ಲೈನಿನಲ್ಲಿ ಎರಡು ಸ್ಯಾಂಪಲ್ ಸೇರಿಸುವುದು ಅವರಿಗೆ ಭಾರವಲ್ಲ. ನಿಮ್ಮ ಜಿಪ್ಸಂನದೇ ಒಂದು ಪೊಟ್ಟಣ ಜೊತೆಗೆ ಕಳಿಸಿ, ಇಲ್ಲದಿದ್ದರೆ ಎರಡು ಸೆಷನ್‌ಗಳನ್ನು ಒಂದೇ ಅಳತೆಗೆ ತರಲು ಮತ್ತೆ ಇದೇ 1 ಇವಿ ಜಗಳ.

ಗೈಡ್ ಜೊತೆ ಮಾತಾಡುವಾಗ ಎರಡು ಚಿತ್ರ ಒಯ್ಯಿರಿ. ಒಂದರಲ್ಲಿ ನಿಮ್ಮ ಗಾಜಿನ ಮೇಲೆ ಪೈರೈಟ್ ಸ್ಪೆಕ್ಟ್ರಂ, ಇನ್ನೊಂದರಲ್ಲಿ ಅದೇ ಗಾಜಿನ ಮೊದಲ ಮತ್ತು ಕೊನೆಯ ಸ್ಕ್ಯಾನ್. ಆ ಎರಡನೇ ಚಿತ್ರದಲ್ಲಿ 2478 ಏನು ಮಾಡುತ್ತಿದೆ ಅಂತ ನನಗೂ ಬರೆಯಿರಿ. ಗಾಜಿನಲ್ಲಿ ನೀರು ಎಷ್ಟಿದೆ ಅನ್ನುವುದನ್ನೂ ಅದರಲ್ಲಿ ಸೇರಿಸಿ, ಈ ಪತ್ರದಲ್ಲಿ ಅದೊಂದು ಬಿಟ್ಟುಹೋಗಿದೆ.